ನಾನು ನಡೆದು ಇಳಿದವನಲ್ಲ

ಇಂದಿನ ಸಭೆಯ ಅಧ್ಯಕ್ಷರೂ ನಮ್ಮ ಬಳಗದ ಹಿರಿಯರೂ ಆದ ಅನಂತರಾಮು ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರ್ ಅನುಜಾ ಅವರೇ, ಬಳಗದ ಪದಾಧಿಕಾರಿಗಳೇ, ಮೊದಲ ಸಾಲಿನಲ್ಲಿ ಕುಳಿತು ನನ್ನನ್ನೇ ದಿಟ್ಟಿಸುತ್ತಿರುವ ನನ್ನ ಧರ್ಮಪತ್ನಿ ಹರಿಣಾಕ್ಷಿಯವರೇ, ಮೂರನೆಯ ಸಾಲಿನಲ್ಲಿ ಕುಳಿತು ನನ್ನನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿರುವ ನನ್ನ ಗೆಳೆಯ ಮುರುಗೆಪ್ಪನವರೇ, ಮತ್ತು ಕೆಳಗಿನ ಮಹಡಿಯಿಂದ ಒಗ್ಗರಣೆಯ ವಾಸನೆ ಏರಿ ಬರುತ್ತಿದ್ದರೂ ಜಾಗ ಬಿಟ್ಟು ಕದಲದ ಸಭಿಕರೇ,

ಪುಣೆಯ ನಮ್ಮ ಕನ್ನಡ ಬಳಗವು ವಾರ್ಷಿಕೋತ್ಸವದ ಈ ಸಂಜೆ ಹೋಟೆಲು ನಡೆಸುವ ಸದಾನಂದ ಶೆಟ್ಟಿ ಎಂಬ ನನಗೆ 'ಆರೋಗ್ಯ ಸಾಧಕ' ಎಂಬ ಬಿರುದು ಕೊಟ್ಟಿದೆ. ಅಧ್ಯಕ್ಷರು ಈಗಷ್ಟೇ ಬಿನ್ನವತ್ತಳೆಯನ್ನು ಓದಿದರು. ಅದರಲ್ಲಿ ನನ್ನನ್ನು 'ಇಚ್ಛಾಶಕ್ತಿಯ ಸಹ್ಯಾದ್ರಿ' ಎಂದು ಕರೆದಿದ್ದಾರೆ. 'ನಡಿಗೆಯನ್ನೇ ತಪಸ್ಸಾಗಿಸಿಕೊಂಡ ಕರ್ಮಯೋಗಿ' ಎಂದೂ ಕರೆದಿದ್ದಾರೆ. ನೂರಾ ಹನ್ನೆರಡು ಕಿಲೋ ಇದ್ದವನು ಒಂದು ವರ್ಷದೊಳಗೆ ತೊಂಬತ್ತಕ್ಕೆ ಇಳಿದೆ, ಬೆಳಗಿನ ನಡಿಗೆಯಿಂದಲೇ ಇಳಿದೆ ಎಂದರು. ಚಪ್ಪಾಳೆಯಾಯಿತು. ಅಷ್ಟು ಹೊತ್ತೂ ಪಕ್ಕದಲ್ಲಿದ್ದ ಡಾಕ್ಟರ್ ಅನುಜಾ ಅವರು ಮೇಜಿನ ಮೇಲಿನ ಹೂದಾನಿಯನ್ನು ಎಷ್ಟು ಏಕಾಗ್ರತೆಯಿಂದ ನೋಡುತ್ತಿದ್ದರೆಂದರೆ, ಆ ಹೂವಿಗೇನಾದರೂ ಕಾಯಿಲೆಯೋ ಎಂದು ನನಗೆ ಗಾಬರಿಯಾಯಿತು.

ಸಭಿಕರೇ, ಕಿಲೋದ ಲೆಕ್ಕ ಸರಿಯಾಗಿದೆ. ಉಳಿದದ್ದು ಸುಳ್ಳು. ಅಧ್ಯಕ್ಷರು ಸುಳ್ಳು ಬರೆದರು ಎಂದಲ್ಲ. ನಾನು ಹೇಳಿದ ಸುಳ್ಳನ್ನು ಅವರು ಒಳ್ಳೆಯ ಕನ್ನಡದಲ್ಲಿ ಬರೆದರು, ಅಷ್ಟೇ. ನಾನು ನಡೆದು ಇಳಿದವನಲ್ಲ. ನಾನು ಇಳಿದದ್ದು ವಾರಕ್ಕೊಂದು ಇಂಜೆಕ್ಷನ್ನಿನಿಂದ. ಅದನ್ನು ಕೊಟ್ಟವರು ಈ ವೇದಿಕೆಯ ಮೇಲೆಯೇ ಕುಳಿತಿದ್ದಾರೆ. ರೋಗಿಯ ಗುಟ್ಟನ್ನು ಡಾಕ್ಟರು ಬಿಟ್ಟುಕೊಡಬಾರದು ಎಂಬ ಒಂದೇ ಧರ್ಮಕ್ಕಾಗಿ ಅವರು ಆ ಹೂದಾನಿಯನ್ನು ನೋಡುತ್ತಿದ್ದರು. ಡಾಕ್ಟ್ರೇ, ಇನ್ನು ತಾವು ತಲೆ ಎತ್ತಬಹುದು.

ಪಿಸುಮಾತು ಕೇಳಿಸುತ್ತಿದೆ. ಕೇಳಿಸಲಿ. ಆದರೆ ದಯವಿಟ್ಟು ಪೂರ್ತಿ ಕೇಳಿ ಹೋಗಿ. ಅರ್ಧ ಕೇಳಿಸಿಕೊಂಡವನ ಗತಿ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಕಳೆದ ದೀಪಾವಳಿಗೆ ಶಿವಾಜಿನಗರ ಸ್ಟೇಷನ್ನಿನ ಹತ್ತಿರದ ನಮ್ಮ ಹೋಟೆಲಿಗೆ ಹೊಸ ಕುರ್ಚಿಗಳನ್ನು ತರಿಸಿದೆ. ಎರಡೂ ಬದಿಗೆ ಕೈಯಿರುವ ಕುರ್ಚಿ. ಪೂಜೆ ಮಾಡಿಸಿ, ಮಾಲೀಕನಾದ ನಾನೇ ಮೊದಲು ಕುಳಿತೆ. ಮಂಗಳಾರತಿಗೆ ಎದ್ದೆ. ಕುರ್ಚಿಯೂ ಎದ್ದಿತು. ಮುಂಜಾನೆಯ ಹೊತ್ತು, ಹೋಟೆಲು ತುಂಬಿತ್ತು. ದಿನಾ ಬೆಳಿಗ್ಗೆ ಉಪ್ಪಿಟ್ಟಿಗೆ ಬರುವ ಮುರುಗೆಪ್ಪನವರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ನಿಮಗೆಲ್ಲ ಗೊತ್ತಿರುವವರು, ಓಡಿ ಬಂದು ನನ್ನ ಹೆಗಲು ಹಿಡಿದರು.

"ಏಳಬ್ಯಾಡ್ರಿ ಶೆಟ್ಟರ, ತಡೀರಿ! ಕುರ್ಚಿನೂ ನಿಮ್ಮ ಕೂಡ ಎದ್ದದ!"

ನಮ್ಮ ಹೆಡ್ ಕುಕ್ ಲತೇಶ್ ಒಳಗಿನಿಂದ ತೆಂಗಿನೆಣ್ಣೆ ತಂದ. ಅಡುಗೆಯವನು ಮಾಲೀಕನಿಗೆ ಎಣ್ಣೆ ಹಚ್ಚುವುದನ್ನು ನೋಡಿ ಜನ ನಕ್ಕರು. ಅವರ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ನಗದೇ ಇದ್ದವರು ಒಬ್ಬರೇ. ಮುರುಗೆಪ್ಪನವರು ತಮ್ಮ ಪೇಪರನ್ನು ಅಗಲವಾಗಿ ಬಿಚ್ಚಿ, ನನ್ನ ಮುಂದೆ ಪರದೆಯ ಹಾಗೆ ಹಿಡಿದು ನಿಂತರು. ಕುರ್ಚಿ ಬಿಡುವ ತನಕ ಕೈ ಇಳಿಸಲಿಲ್ಲ.

ಮಾರನೆಯ ವಾರ ಡಾಕ್ಟರ್ ಅನುಜಾ ಅವರ ಬಳಿಗೆ ಹೋದೆ. ಅವರು ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುತ್ತಾರೆ. ಮೆತ್ತಗೆ ಹೇಳಿದ್ದನ್ನು ನಾವು ಗಟ್ಟಿಯಾಗಿ ತೆಗೆದುಕೊಳ್ಳುವುದಿಲ್ಲ, ಅದೇ ತೊಂದರೆ.

"ನೋಡಿ ಸದಾನಂದ ಅವ್ರೇ," ಎಂದರು, "ಇದು ಫೋಟೋದಲ್ಲಿ ತೆಳ್ಳಗೆ ಕಾಣೋಕೆ ಕೊಡೋ ಔಷಧಿ ಅಲ್ಲ. ನಿಮ್ಮ ಶುಗರ್ ಅಂಚಿನಲ್ಲಿದೆ, ಲಿವರ್‌ನಲ್ಲಿ ಕೊಬ್ಬಿದೆ, ಮಂಡಿ ಸವೀತಾ ಇದೆ, ಅದಕ್ಕೆ ಕೊಡ್ತಿದ್ದೀನಿ. ವಾರಕ್ಕೊಂದು ಇಂಜೆಕ್ಷನ್, ಚಿಕ್ಕ ಡೋಸಿಂದ ಶುರು. ನಾಲ್ಕು ನಾಲ್ಕು ವಾರಕ್ಕೆ ನೋಡ್ಕೊಂಡು ಮೇಲೆ ಹೋಗೋಣ. ಹೊಟ್ಟೆ ನಿಧಾನಕ್ಕೆ ಖಾಲಿ ಆಗತ್ತೆ, ಅದಕ್ಕೇ ವಾಕರಿಕೆ ಬರಬಹುದು. ಸ್ವಲ್ಪ ಸ್ವಲ್ಪ ತಿನ್ನಿ, ಸಾಕು ಅನ್ನಿಸಿದ ತಕ್ಷಣ ನಿಲ್ಲಿಸಿ, ಕರಿದದ್ದು ಕಡಿಮೆ ಮಾಡಿ, ನೀರು ಮರೀಬೇಡಿ. ಮತ್ತೆ ಮನೆಯವರಿಗೆ ಹೇಳಿ."

ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು 'ವಾರಕ್ಕೊಂದು' ಎಂಬ ಒಂದೇ ಮಾತು. ಮನೆಯವರಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ನೀವೇ ಯೋಚಿಸಿ. ಮೂವತ್ತೊಂದು ವರ್ಷದಿಂದ ಜನರನ್ನು 'ಇನ್ನೊಂದು ವಡೆ ಹಾಕಿಸಿಕೊಳ್ಳಿ' ಎಂದು ಉಪಚರಿಸಿದವನು, ತನಗೆ ಮಾತ್ರ ಹಸಿವಾಗದಿರಲಿ ಎಂದು ಸೂಜಿ ಚುಚ್ಚಿಕೊಳ್ಳುತ್ತಾನೆ ಎಂದು ಗೊತ್ತಾದರೆ ಗಿರಾಕಿ ಏನೆಂದುಕೊಳ್ಳಬೇಕು? ದೇವಸ್ಥಾನದ ಅರ್ಚಕ ನಾಸ್ತಿಕನಾದ ಹಾಗಲ್ಲವೇ? ಪೆಟ್ಟಿಗೆಯನ್ನು ಹೋಟೆಲಿನ ಫ್ರಿಜ್ಜಿನಲ್ಲಿ, ಬೆಣ್ಣೆಯ ಖಾಲಿ ಡಬ್ಬಿಯೊಳಗೆ ಇಟ್ಟೆ. ಭಾನುವಾರ ಬೆಳಿಗ್ಗೆ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು, ಅಕ್ಕಿ ಮೂಟೆಯ ಮೇಲೆ ಕುಳಿತು, ಹೊಟ್ಟೆಗೆ ಚುಚ್ಚಿಕೊಂಡೆ. ನೋವೇನಿಲ್ಲ. ಸೊಳ್ಳೆ ಇದಕ್ಕಿಂತ ಹೆಚ್ಚು ಮರ್ಯಾದೆ ತೆಗೆಯುತ್ತದೆ.

ಮೊದಲು ಹೋದದ್ದು ಹಸಿವು. ಆಮೇಲೆ ಹೋದದ್ದು ಮಾನ.

ಈ ಔಷಧಿಯಿಂದ ಕೆಲವರಿಗೆ ಒಂದು ಬಗೆಯ ತೇಗು ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು, ಬೋರ್ಡಿನಲ್ಲೇ ಬರೆದಿದೆ. ಗಲ್ಲಾದ ಮುಂದೆ ನಿಂತ ಒಬ್ಬ ಹಿರಿಯರು, ಇಪ್ಪತ್ತು ವರ್ಷದ ಗಿರಾಕಿ, ಮೂಗೆತ್ತಿ ಗಾಳಿ ನೋಡಿದರು. "ಶೇಟಜೀ, ಇಥೇ ಅಂಡೀ ಸುರೂ ಕೇಲೀತ್ ಕಾ?" ಎಂದರು. ಇಲ್ಲಿ ಮೊಟ್ಟೆ ಮಾಡಲು ಶುರು ಮಾಡಿದಿರಾ ಎಂದು ಮರಾಠಿಯಲ್ಲಿ ಬಹಳ ದುಃಖದಿಂದ ಕೇಳಿದರು. ನಾನು "ನಾಹೀ ನಾಹೀ" ಎನ್ನಲು ಬಾಯಿ ತೆರೆದೆ. ತೆರೆಯಬಾರದಿತ್ತು. ಅವರು ಹದಿನೈದು ದಿನ ಬರಲಿಲ್ಲ.

ಇದಕ್ಕೆ ಉಪಾಯವಿದೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಕರಿದದ್ದನ್ನು ಬಿಟ್ಟೆ, ಸೋಡಾ ಬಿಟ್ಟೆ, ಉಂಡ ಕೂಡಲೇ ಒರಗುವುದನ್ನು ಬಿಟ್ಟೆ, ತಟ್ಟೆಯನ್ನು ಸಣ್ಣದು ಮಾಡಿದೆ. ಹತ್ತು ದಿನದಲ್ಲಿ ತೇಗು ಶುದ್ಧ ಸಸ್ಯಾಹಾರಿಯಾಯಿತು. ಆದರೆ ಇದನ್ನೆಲ್ಲ ಮಾಡಿದ್ದು ಮೂರು ವಾರ ಒದ್ದಾಡಿದ ಮೇಲೆ. ಮೊದಲನೆಯ ದಿನವೇ ಡಾಕ್ಟರು ಹೇಳಿದ್ದರಲ್ಲ, ಅದು ನೆನಪಾಗಬೇಕಾದರೆ ಒಬ್ಬ ಗಿರಾಕಿ ಹೋಗಬೇಕಾಯಿತು.

ಇನ್ನೊಂದು ತೊಂದರೆಯನ್ನು ಸಭೆಯಲ್ಲಿ ಹೇಳಬಾರದು. ಆದರೂ ಹೇಳುತ್ತೇನೆ, ಯಾಕೆಂದರೆ ಹೇಳಬಾರದು ಎಂದು ಎಲ್ಲರೂ ಸುಮ್ಮನಿರುವುದರಿಂದಲೇ ಅದು ಕಟ್ಟಿಕೊಳ್ಳುತ್ತದೆ. ನಾಲ್ಕು ದಿನ. ಅಷ್ಟು ಹೇಳಿದರೆ ಸಾಕು. ನೀರು, ಹಣ್ಣು, ಸೊಪ್ಪು, ಸ್ವಲ್ಪ ಓಡಾಟ. ಅದರಿಂದಲೂ ಆಗದಿದ್ದರೆ ನಾಚದೆ ಡಾಕ್ಟರನ್ನು ಕೇಳಬೇಕು. ನಾನು ನಾಚಿದೆ. ಐದನೆಯ ದಿನ ನಾಚಿಕೆ ತಾನಾಗಿ ಹೋಯಿತು.

ಆದರೆ ಸಭಿಕರೇ, ಇವೆಲ್ಲ ಹೊಟ್ಟೆಯ ಅಡ್ಡಪರಿಣಾಮಗಳು. ಡಾಕ್ಟರ ಚೀಟಿಯಲ್ಲಿ ಬರೆಯದ ಬೇರೆ ಕೆಲವು ಇದ್ದವು.

ಮೂವತ್ತೊಂದು ವರ್ಷ, ದಿನಾ ಬೆಳಿಗ್ಗೆ, ಸಾಂಬಾರಿನ ಮೊದಲ ಸೌಟನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿದವನು ನಾನು. ಈಗ ಇಂಗಿನ ಒಗ್ಗರಣೆ ಬಿದ್ದರೆ ಸಾಕು, ಹೊಟ್ಟೆ ಗಂಟಲಿಗೆ ಬರುತ್ತಿತ್ತು. ಬಾಗಿಲಲ್ಲೇ ನಿಂತು, ಮೂಗು ಹಿಡಿದು, 'ಆಯ್ತು, ಬಿಡು' ಎಂದು ಕೈ ಬೀಸುತ್ತಿದ್ದೆ. ಒಂದು ತಿಂಗಳು ನೋಡಿದ ಲತೇಶ್, ಏಪ್ರನ್ ಕಳಚಿ ಮಡಚಿ ನನ್ನ ಮೇಜಿನ ಮೇಲೆ ಇಟ್ಟ.

"ಅಣ್ಣ, ಒಂದು ಕೇಳ್ಲಿಕ್ಕುಂಟು. ನನ್ನ ಸಾಂಬಾರು ನಿಮ್ಗೆ ಹೇಸಿಗೆ ಆಗ್ತದಾ? ಹೌದಾದ್ರೆ ಹೇಳಿ ಮಾರಾಯ್ರೆ. ನಾನು ಊರಿಗೆ ಹೋಗ್ತೇನೆ. ಮೂಗು ಹಿಡ್ಕೊಂಡ್ ಮಾತ್ರ ನಿಲ್ಬೇಡಿ."

ಹದಿನೆಂಟು ವರ್ಷ ನನ್ನ ಜೊತೆ ಒಲೆಯ ಮುಂದೆ ನಿಂತವನ ಕಣ್ಣಲ್ಲಿ ನೀರು. ಆಗಲೂ ನಾನು ನಿಜ ಹೇಳಲಿಲ್ಲ. ನೆಗಡಿ ಎಂದೆ. ಬೇಸಿಗೆಯಲ್ಲಿ, ಒಂದು ತಿಂಗಳ ನೆಗಡಿ.

ಇನ್ನು ಮನೆ. ನಾವು ಮನೆಯಲ್ಲಿ ತುಳು ಮಾತಾಡುವವರು. ಹರಿಣಾಕ್ಷಿಯ ಮಾತನ್ನು ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ. ತುಳುವಿನಲ್ಲಿ ಇದಕ್ಕಿಂತ ಖಾರ. ಹೋಟೆಲಿನಲ್ಲಿ ಸಸ್ಯಾಹಾರ, ಮನೆಯಲ್ಲಿ ಮೀನು. ಅವಳ ಬಂಗುಡೆ ಸಾರಿಗೆ ಮನಸೋತು ಮದುವೆಯಾದವನು ನಾನು. ಹೆಣ್ಣು ನೋಡಲು ಹೋದಾಗ ಹುಡುಗಿಯನ್ನು ಸರಿಯಾಗಿ ನೋಡಲಿಲ್ಲ, ಮೂರು ಸಲ ಅನ್ನ ಹಾಕಿಸಿಕೊಂಡೆ. ಅಂಥವನು ಈಗ ಎರಡು ತುತ್ತಿಗೇ ಸಾಕು ಎನ್ನುತ್ತಿದ್ದೆ. ಅವಳು ಅಡುಗೆಮನೆಗೆ ಹೋದ ತಕ್ಷಣ ಹುರಿದ ಮೀನನ್ನು ಬಾಲ್ಕನಿಯಿಂದ ಕೆಳಗಿನ ಬೆಕ್ಕಿಗೆ ಹಾಕುತ್ತಿದ್ದೆ. ಅವಳು ಏನೂ ಕೇಳಲಿಲ್ಲ. ಕೇಳಲಿಲ್ಲವಲ್ಲ, ಬಚಾವಾದೆ ಎಂದುಕೊಂಡೆ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಕೇಳದೆ ಸುಮ್ಮನಿದ್ದರೆ ಹೆದರಬೇಕು. ಅಷ್ಟು ತಿಳಿವಳಿಕೆಯೂ ನನಗಿರಲಿಲ್ಲ.

ಹೊರಗೆ ಮಾತ್ರ ನಾನು ನಾಯಕನಾಗಿದ್ದೆ. ಪ್ಯಾಂಟು ಸಡಿಲವಾಯಿತು, ಕುತ್ತಿಗೆ ಕಾಣಿಸಿಕೊಂಡಿತು. ಮುರುಗೆಪ್ಪನವರು ಒಂದು ದಿನ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ರಿ ಶೆಟ್ಟರ, ಭಾಳ ಇಳದೀರಲ್ಲ! ಏನ್ ಮಾಡೀರಿ, ನಮಗೂ ಸ್ವಲ್ಪ ಹೇಳ್ರಿ. ನಮ್ಮ ಹೊಟ್ಟಿ ನಮ್ಮ ಮಾತ ಕೇಳವಲ್ದು."

ಆ ಕ್ಷಣದಲ್ಲಿ ನಿಜ ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ನಾನು ಹೇಳಿದ್ದು: "ವಾಕಿಂಗ್ ಮುರುಗೆಪ್ಪನವರೇ. ಬೆಳಿಗ್ಗೆ ಟೇಕಡಿ ಹತ್ತುವುದು. ರಾತ್ರಿ ಊಟ ಬಿಡುವುದು. ಮನಸ್ಸು ಗಟ್ಟಿ ಇರಬೇಕು, ಅಷ್ಟೇ."

ಮನಸ್ಸು ಗಟ್ಟಿ ಇರಬೇಕು! ಈ ಮಾತು ನನ್ನ ಬಾಯಿಂದ ಎಲ್ಲಿಂದ ಬಂತೋ. ನಾನು ಶೂ ಹಾಕಿಕೊಂಡು ಹನುಮಾನ್ ಟೇಕಡಿ ಗುಡ್ಡಕ್ಕೆ ಹೋಗುತ್ತಿದ್ದದ್ದು ನಿಜ. ಗುಡ್ಡದ ಬುಡದಲ್ಲಿ ಒಂದು ಕಲ್ಲುಬೆಂಚು ಇದೆ. ಅಲ್ಲಿ ಒಂದು ಗಂಟೆ ಕುಳಿತು, ಹತ್ತುವವರನ್ನೂ ಇಳಿಯುವವರನ್ನೂ ನೋಡಿ, ಮುಖಕ್ಕೆ ಸ್ವಲ್ಪ ನೀರು ಚಿಮುಕಿಸಿಕೊಂಡು ಬೆವರಿದವನಂತೆ ಬರುತ್ತಿದ್ದೆ. ಮುರುಗೆಪ್ಪನವರು ಬೆಂಚಿನಲ್ಲಿ ಕೂರುವವರಲ್ಲ. ಬಳಗದ ಹನ್ನೊಂದು ಜನರನ್ನು ಸೇರಿಸಿ 'ಶೆಟ್ಟರ ನಡಿಗೆ ತಂಡ' ಎಂದು ಹೆಸರಿಟ್ಟರು. ತಂಡಕ್ಕೆ ನನ್ನ ಹೆಸರು, ನಡಿಗೆ ಅವರದು. ಅವರು ಆರಕ್ಕೆ ಬರುತ್ತಾರೆಂದು ನಾನು ಐದಕ್ಕೇ ಹೋಗಿ ಆರರೊಳಗೆ ಬೆಂಚು ಖಾಲಿ ಮಾಡತೊಡಗಿದೆ. ಆ ಹನ್ನೊಂದು ಜನವೂ ಇಲ್ಲಿದ್ದೀರಿ. ಯಾರೂ ಎರಡು ಕಿಲೋಕ್ಕಿಂತ ಹೆಚ್ಚು ಇಳಿಯಲಿಲ್ಲ. ನನ್ನ ಹತ್ತಿರ ಬಂದು ನಾವೆಲ್ಲಿ ತಪ್ಪುತ್ತಿದ್ದೇವೆ ಎಂದು ಕೇಳಿದಿರಿ. ನಾನು ಕೈ ಬೀಸುವ ವೇಗ ಸಾಲದು ಎಂದೆ. ಕ್ಷಮಿಸಿ.

ಮೇ ತಿಂಗಳಲ್ಲಿ ಊರಿಗೆ ಹೋದೆ. ತಂಗಿಯ ಮಗಳ ಮದುವೆ. ಕೋಳಿ ಸುಕ್ಕ, ನೀರುದೋಸೆ, ಎಲ್ಲವನ್ನೂ ಮನಸಾರೆ ಉಣ್ಣಬೇಕೆಂದು ನಾಲ್ಕು ವಾರ ಇಂಜೆಕ್ಷನ್ ಬಿಟ್ಟೆ. ವಾಪಸು ಬಂದು ತಕ್ಕಡಿ ಹತ್ತಿದರೆ ನಾಲ್ಕು ಕಿಲೋ ಏರಿದೆ. ಮುಂದಿನ ವಾರವೇ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಜ್ಞಾನೇಶ್ವರ ಮಹಾರಾಜರ ಪಾಲಖಿ, ಅಂದರೆ ಪಲ್ಲಕ್ಕಿ. ಸಾಸವಡದಲ್ಲಿ ಪಾಲಖಿ ತಂಗುವಾಗ ವಾರಕರಿ ಯಾತ್ರಿಕರಿಗೆ ಉಪ್ಪಿಟ್ಟು, ಚಹಾ ಕೊಡುವುದು ನಮ್ಮ ಬಳಗದ ಹತ್ತು ವರ್ಷದ ಪದ್ಧತಿ. ಅಲ್ಲಿ ನೀವೆಲ್ಲ ನನ್ನನ್ನು ನೋಡುತ್ತೀರಿ, ನಡಿಗೆಯ ನಾಯಕ ದಪ್ಪಗಾಗಿದ್ದಾನೆ ಎನ್ನುತ್ತೀರಿ. ನಾನೇನು ಮಾಡಿದೆ? ಡಾಕ್ಟರಿಗೆ ಫೋನು ಮಾಡಲಿಲ್ಲ. ಬಿಡುವ ಮೊದಲು ಯಾವ ಡೋಸಿನಲ್ಲಿದ್ದೆನೋ ಅದಕ್ಕೇ ಮತ್ತೆ ಹಾರಿದೆ. ಅದೂ ಸಾಲದೆಂದು ಮೂರನೆಯ ದಿನಕ್ಕೆ ಇನ್ನೊಂದು ಚುಚ್ಚಿಕೊಂಡೆ. ಹೋಟೆಲಿನವನ ಬುದ್ಧಿ ನೋಡಿ: ಹಿಟ್ಟು ಹುಳಿ ಬರದಿದ್ದರೆ ಇನ್ನೊಂದು ಹಿಡಿ ಉದ್ದು ಹಾಕುವ ಹಾಗೆ.

ಸಾಸವಡಕ್ಕೆ ಹೋಗುವ ಹಿಂದಿನ ದಿನದಿಂದಲೇ ವಾಂತಿ. ಒಂದು ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ಆದರೂ ಹೋದೆ. ದಿವೆ ಘಾಟನ್ನು ಹತ್ತಿ ಬಂದ ಜನ, ತಾಳ, ಮೃದಂಗ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಅಜ್ಜಿಯರು. ಎಪ್ಪತ್ತು ದಾಟಿದ ಒಬ್ಬಾಕೆ ನನ್ನ ಮುಂದೆ ತಟ್ಟೆ ಹಿಡಿದರು. ನಾನು ಸೌಟು ಎತ್ತಿದೆ. ಉಪ್ಪಿಟ್ಟಿನ ಹಬೆ ಮುಖಕ್ಕೆ ಬಂತು. ಆಮೇಲೆ ಆಕಾಶ ಕಂಡಿತು, ಪೆಂಡಾಲಿನ ಬಟ್ಟೆ ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಪಂಢರಪುರದ ತನಕ ನಡೆಯಲಿರುವ ಆ ಅಜ್ಜಿ, ಇಚ್ಛಾಶಕ್ತಿಯ ಸಹ್ಯಾದ್ರಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದರಂತೆ. ಬಿಸಿಲಿಗೆ ತಲೆ ತಿರುಗಿತು ಎಂದು ನಿಮಗೆಲ್ಲ ಹೇಳಿದೆವು.

ಅಲ್ಲಿನ ಒಂದು ಆಸ್ಪತ್ರೆಗೆ ಸೇರಿಸಿದರು. ಕಣ್ಣು ಬಿಟ್ಟಾಗ ಕೈಗೆ ಸಲೈನ್, ಪಕ್ಕದಲ್ಲಿ ಹರಿಣಾಕ್ಷಿ. ಯುವ ಡಾಕ್ಟರೊಬ್ಬರು ಕೇಳುತ್ತಿದ್ದರು, ಇವರು ಯಾವ ಔಷಧಿ ತೆಗೆದುಕೊಳ್ಳುತ್ತಾರೆ ಎಂದು. ಅವಳು ಹೇಳುತ್ತಿದ್ದಳು, "ಏನೂ ಇಲ್ಲ ಅಂತಾರೆ ಡಾಕ್ಟ್ರೇ, ವಾಕಿಂಗ್ ಮಾತ್ರ ಅಂತೆ." ಗೊತ್ತಿಲ್ಲದೆ ಅವರು ಇನ್ನೇನೋ ಕೊಟ್ಟಾರು ಎಂದು ನನಗೆ ಪ್ರಾಣಭಯ ಹುಟ್ಟಿತು. ಮಲಗಿದಲ್ಲಿಂದಲೇ ಎಲ್ಲ ಹೇಳಿದೆ. ಯಾವ ಔಷಧಿ, ಎಷ್ಟು ಡೋಸು, ಎಂದಿನಿಂದ, ಬೆಣ್ಣೆಯ ಡಬ್ಬಿಯ ತನಕ.

ಹರಿಣಾಕ್ಷಿ ಬಯ್ಯುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ. ಅವಳು ಸ್ಟೂಲಿನ ಮೇಲೆ ಕುಳಿತು ಅಳತೊಡಗಿದಳು. ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದಳು.

"ನಾನು ನಿಮಗೆ ಕ್ಯಾನ್ಸರ್ ಅಂತ ಗ್ರಹಿಸಿದ್ದೆ. ಊಟ ಸೇರುದಿಲ್ಲ, ಮೈ ಇಳೀತಾ ಉಂಟು, ಫ್ರಿಜ್ಜಲ್ಲಿ ಏನೋ ಅಡಗಿಸಿ ಇಡ್ತೀರಿ ಅಂತ ಲತೇಶನೂ ಹೇಳಿದ. ನನಗೆ ಹೇಳ್ಲಿಕ್ಕೆ ನಿಮಗೆ ಧೈರ್ಯ ಇಲ್ಲ ಅಂತ ಎಣಿಸಿದೆ. ಕೇಳಿದ್ರೆ ನಿಜ ಆಗಿ ಬಿಡ್ತದೆ ಅಂತ ಕೇಳ್ಲಿಲ್ಲ. ಮದುವೆಯಲ್ಲಿ ನೀವು ಹಾಗೆ ಉಂಡದ್ದೂ ಕೊನೆಯ ಆಸೆ ಅಂತಲೇ ಎಣಿಸಿದೆ. ನೀವು ಸರಿಯಾಗಿ ಉಣ್ಣುವ ತನಕ ನಾನು ಮೀನು ಮುಟ್ಟುದಿಲ್ಲ ಅಂತ ದೇವರಿಗೆ ಹೇಳಿಕೊಂಡಿದ್ದೇನೆ. ನಾಲ್ಕು ತಿಂಗಳಾಯ್ತು."

ನಾಲ್ಕು ತಿಂಗಳು! ನನ್ನ ಪಾಲಿನದನ್ನು ನಾನು ಬಾಲ್ಕನಿಯಿಂದ ಹಾಕುತ್ತಿದ್ದೆ, ಅವಳ ಪಾಲಿನದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ಹಾಕುತ್ತಿದ್ದಳು. ಆ ಬೆಕ್ಕು ಯಾಕೆ ಹಾಗೆ ಊದಿಕೊಂಡಿತ್ತೆಂದು ಆಗ ಗೊತ್ತಾಯಿತು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಆಮೇಲೆ ನಾನೂ ನಿಲ್ಲಿಸಿದೆ. ಒಬ್ಬ ಮನುಷ್ಯ ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೆಂಡತಿಯನ್ನು ನಾಲ್ಕು ತಿಂಗಳು ವಿಧವೆಯಾಗುವ ಭಯದಲ್ಲಿ ಇಟ್ಟದ್ದು ನಗುವ ವಿಷಯವಲ್ಲ, ಸಭಿಕರೇ. ಬೆಕ್ಕಿನ ವಿಷಯಕ್ಕೆ ಮಾತ್ರ ನಗಬಹುದು.

ಪುಣೆಗೆ ಬಂದ ಮೇಲೆ ಡಾಕ್ಟರ್ ಅನುಜಾ ಮೊದಲ ಬಾರಿ ಗಟ್ಟಿಯಾಗಿ ಮಾತಾಡಿದರು. "ವಾರಗಟ್ಟಲೆ ಬಿಟ್ರೆ ಮತ್ತೆ ಎಲ್ಲಿಂದ ಶುರು ಮಾಡ್ಬೇಕು ಅನ್ನೋದನ್ನ ನಾನು ಹೇಳ್ಬೇಕು, ನೀವಲ್ಲ. ನೀರು ಕೂಡ ನಿಲ್ತಿಲ್ಲ ಅಂದ್ರೆ ಅವತ್ತೇ ಆಸ್ಪತ್ರೆಗೆ ಬರ್ಬೇಕು, ಉಪ್ಪಿಟ್ಟು ಬಡಿಸೋಕೆ ಹೋಗೋದಲ್ಲ. ಹೊಟ್ಟೆನೋವು ಜೋರಾಗಿ ಬಂದು ಬೆನ್ನಿಗೆ ಹರಿದ್ರೆ ಒಂದು ನಿಮಿಷ ಕಾಯೋ ಹಾಗಿಲ್ಲ. ನಿಮ್ಮ ಕಿಡ್ನಿ ಉಳಿದದ್ದು ಪುಣ್ಯ." ಮತ್ತೆ ಕೆಳಗಿನ ಡೋಸಿನಿಂದ, ಹರಿಣಾಕ್ಷಿಯ ಎದುರೇ, ಶುರುವಾಯಿತು. ಈಗ ಅವಳೇ ಭಾನುವಾರ ನೆನಪಿಸುತ್ತಾಳೆ. ಬಿಸಿ ಅಡುಗೆಯ ವಾಸನೆ ಆಗದ ದಿನ ತಣ್ಣಗಿನ ಮೊಸರನ್ನ ಕಲಸಿ ಕೊಡುತ್ತಾಳೆ. ಬರೀ ಕೊಬ್ಬಲ್ಲ, ಮಾಂಸಖಂಡವೂ ಕರಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಹೆಸರುಕಾಳು, ಮೊಟ್ಟೆ, ಮೀನು ದಿನಾ ಸ್ವಲ್ಪ ಸ್ವಲ್ಪ. ಅವಳ ಹರಕೆಯೂ ಮುಗಿಯಿತು. ಬೆಕ್ಕು ಮಾತ್ರ ನಮ್ಮ ಮೇಲೆ ಮುನಿಸಿಕೊಂಡಿದೆ. ಲತೇಶನಿಗೂ ಹೇಳಿದೆ. ಅವನು ಏಪ್ರನ್ ಕಟ್ಟಿಕೊಂಡ. ಈಗ ಸಾಂಬಾರು ತಣಿದ ಮೇಲೆ ಅರ್ಧ ಚಮಚ ನನಗೆ ತಂದು ಕೊಡುತ್ತಾನೆ, ಮಗುವಿಗೆ ಔಷಧಿ ಕೊಡುವ ಹಾಗೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಈ ಶಾಲು ಹೊದ್ದು ಸುಮ್ಮನೆ ಕುಳಿತುಬಿಡುತ್ತಿದ್ದೆ. ಮುಗಿಯಲಿಲ್ಲ. ಮನೆಯಲ್ಲಿ ಹೇಳಿಯಾಯಿತಲ್ಲ, ಊರಿಗೇಕೆ ಹೇಳಬೇಕು ಎಂದುಕೊಂಡೆ. ನಡಿಗೆ ತಂಡ ನಡೆಯುತ್ತಲೇ ಇತ್ತು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಮುರುಗೆಪ್ಪನವರು ಟೇಕಡಿಯ ಅರ್ಧದಲ್ಲಿ ಕುಸಿದು ಕುಳಿತರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಅವರು ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು. ಗುಳಿಗೆ ನುಂಗಿ, ನನ್ನ ಮಾತು ಕೇಳಿ ರಾತ್ರಿ ಊಟ ಬಿಟ್ಟು, ಬರಿಹೊಟ್ಟೆಯಲ್ಲಿ ಗುಡ್ಡ ಹತ್ತಿದ್ದರು. ನಾನು ಇಳಿದಷ್ಟು ತಾವು ಇಳಿಯಲಿಲ್ಲವೆಂದು ದಿನಕ್ಕೆ ಎರಡು ಸಲ ಹತ್ತುತ್ತಿದ್ದರಂತೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು ಚೀಲದಲ್ಲಿದ್ದ ಶೇಂಗಾ ಚಿಕ್ಕಿಯನ್ನು ಬಾಯಿಗೆ ಹಾಕಿದ್ದರಿಂದ ಅವರು ಇಂದು ಮೂರನೆಯ ಸಾಲಿನಲ್ಲಿದ್ದಾರೆ.

ನಾನು ನೋಡಲು ಹೋದೆ. ಕಿತ್ತಳೆ ಹಣ್ಣು ತೆಗೆದುಕೊಂಡು ಹೋದೆ. ನಿಜವನ್ನು ತೆಗೆದುಕೊಂಡು ಹೋಗಲಿಲ್ಲ.

ಆಮೇಲೆ ಬಳಗದ ಪತ್ರ ಬಂತು: 'ಆರೋಗ್ಯ ಸಾಧಕ'. ಹರಿಣಾಕ್ಷಿ ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು. "ಮುರುಗೆಪ್ಪಣ್ಣ ಅವತ್ತು ಗುಡ್ಡದಿಂದ ಇಳಿಯದೇ ಇದ್ದಿದ್ರೆ, ಈ ಶಾಲು ಹೊದ್ದು ಅವರ ಹೆಂಡತಿಯ ಎದುರು ಹೇಗೆ ನಿಲ್ತಿದ್ರಿ?" ಎಂದಳು.

ನಿನ್ನೆ ಸಂಜೆ ಮುರುಗೆಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಬೆಂಚಿನ ವಿಷಯವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಶೆಟ್ಟರ, ನೀವು ಸೂಜಿ ತಗೊಂಡ್ರಿ, ಅದಕ್ಕ ನನಗೇನೂ ಸಿಟ್ಟಿಲ್ರಿ. ಡಾಕ್ಟರ್ ಕೊಟ್ಟ ಔಷಧ, ತಗೋಬೇಕು. ಆದರ ಅವತ್ತ ಗುಡ್ಡದ ಮ್ಯಾಲೆ ಕಣ್ಣ ಕತ್ತಲಿ ಬಂದಾಗ ನಾ ಏನ್ ಅಂದ್ಕೊಂಡ್ನಿ ಗೊತ್ತದ ಏನ್ರಿ? ಶೆಟ್ಟರಿಗೆ ಆಗತದ, ನನಗ ಆಗವಲ್ದು. ನನ್ನ ಮನಸೇ ಕಚ್ಚಾ ಅದ. ಜಲಮೆಲ್ಲ ಹಿಂಗ ಕಳದ್ನಿ ಅಂತ ಅನಿಸ್ತು. ಆರು ತಿಂಗಳು ನನ್ನ ನಾನ ಬೈಕೊಂಡೀನ್ರಿ."

ನಾನು ಕ್ಷಮಿಸಿ ಎಂದೆ.

"ನನಗ ಒಬ್ಬಾವಗ ಹೇಳಿದ್ರ ಸಾಲಂಗಿಲ್ರಿ. ನಿಮ್ಮ ಹೆಸರ ಹೇಳಿ ಹನ್ನೊಂದ ಮಂದೀನ ಗುಡ್ಡಾ ಹತ್ತಿಸೀನಿ. ಅವರಿಗೆಲ್ಲ ಯಾರ್ ಹೇಳಾವ್ರು?"

ಅಷ್ಟು ಹೇಳಿ ಒಳಗೆ ಹೋದರು. ಅವರ ಮನೆಯಲ್ಲಿ ಚಹಾ ಕುಡಿಯದೆ ಹೊರಗೆ ಬಂದದ್ದು ಅದೇ ಮೊದಲು. ಅದಕ್ಕೇ ಹೇಳುತ್ತಿದ್ದೇನೆ. ನಿಮಗೂ ಹೇಳುತ್ತಿದ್ದೇನೆ, ಅವರಿಗೆ ಇನ್ನೊಮ್ಮೆ, ಮೈಕಿನಲ್ಲಿ ಹೇಳುತ್ತಿದ್ದೇನೆ. ಮುರುಗೆಪ್ಪನವರೇ, ನಿಮ್ಮ ಮನಸ್ಸು ಕಚ್ಚಾ ಅಲ್ಲ. ಗುಡ್ಡ ಹತ್ತಿದವರು ನೀವು. ಕಚ್ಚಾ ಇದ್ದದ್ದು ನನ್ನ ಮಾತು.

ಉಳಿದವರಿಗೂ ಒಂದು ಮಾತು. ನಾನು ಇಳಿದದ್ದನ್ನು ನೋಡಿ ನಾಳೆ ಯಾರೂ ಔಷಧಿ ಅಂಗಡಿಗೆ ಓಡಬೇಡಿ. ಇನ್ನೊಬ್ಬರ ಡಬ್ಬಿಯಿಂದ ಕಡ ತರಬೇಡಿ. ಬೇಕೇ, ಬೇಡವೇ, ಎಷ್ಟು ಎಂಬುದನ್ನು ಡಾಕ್ಟರು ಹೇಳಲಿ. ತೆಗೆದುಕೊಳ್ಳುವವರು ನಾಚಬೇಡಿ, ತೆಗೆದುಕೊಳ್ಳದವರು ಹಂಗಿಸಬೇಡಿ. ಒಳ್ಳೆಯದಾದರೂ ಕೆಟ್ಟದಾದರೂ ಮನೆಯವರಿಗೆ ಗೊತ್ತಿರಲಿ. ನನಗೆ ಆದ ಅಡ್ಡಪರಿಣಾಮಗಳಲ್ಲಿ ಅರ್ಧದಷ್ಟು ಔಷಧಿಯಿಂದ ಬಂದವಲ್ಲ, ಮುಚ್ಚಿಟ್ಟದ್ದರಿಂದ ಬಂದವು.

ಅಧ್ಯಕ್ಷರೇ, ಈ ಬಿನ್ನವತ್ತಳೆಯನ್ನು ತಮ್ಮ ಕೈಗೇ ಮರಳಿಸುತ್ತಿದ್ದೇನೆ. ತಾವು ಎರಡು ರಾತ್ರಿ ಕುಳಿತು ಬರೆದಿರಿ ಎಂದು ಗೊತ್ತು. ಸಹ್ಯಾದ್ರಿ ಎಂಬಲ್ಲಿ ಹೆಸರು ಬದಲಿಸಿದರೆ ಮೂರನೆಯ ಸಾಲಿನಲ್ಲಿ ಯೋಗ್ಯರಿದ್ದಾರೆ. ಶಾಲನ್ನೂ ಇಲ್ಲೇ ಇಡುತ್ತೇನೆ. ಹಣ್ಣಿನ ಬುಟ್ಟಿಯನ್ನು ಮಾತ್ರ ಇಟ್ಟುಕೊಳ್ಳುತ್ತೇನೆ, ನಾರಿನಂಶ ಬೇಕೆಂದು ಡಾಕ್ಟರ ಅಪ್ಪಣೆಯಾಗಿದೆ.

ಗಂಟಲು ಒಣಗಿತು, ಕ್ಷಮಿಸಿ. ಇಷ್ಟು ನಿಜವನ್ನು ಒಟ್ಟಿಗೆ ಹೇಳಿ ಅಭ್ಯಾಸವಿಲ್ಲ.

ಮುರುಗೆಪ್ಪನವರು ಎದ್ದರು. ಮುರುಗೆಪ್ಪನವರೇ, ಎರಡೇ ನಿಮಿಷ, ಮುಗಿಸಿಬಿಡುತ್ತೇನೆ... ಬಾಗಿಲು ಆ ಕಡೆ... ಅಲ್ಲ, ಈ ಕಡೆಗೇ ಬರುತ್ತಿದ್ದಾರೆ. ನಿಧಾನ, ಅಲ್ಲಿ ಮೈಕಿನ ವೈರು ಇದೆ.

ಸಭಿಕರೇ, ಅವರು ತಮ್ಮ ನೀರಿನ ಬಾಟಲಿಯನ್ನು ನನ್ನ ಮುಂದೆ ಇಟ್ಟು ಹೋದರು. ಮುಖ ನೋಡಲಿಲ್ಲ. ಮುಚ್ಚಳವನ್ನೂ ತೆಗೆದುಕೊಡಲಿಲ್ಲ; ಅಷ್ಟು ಸಿಟ್ಟು ಇನ್ನೂ ಉಳಿದಿದೆ, ನ್ಯಾಯವಾದದ್ದೇ. ಆದರೆ ಮೂರನೆಯ ಸಾಲಿಗೆ ಹಿಂದಿರುಗದೆ, ಹರಿಣಾಕ್ಷಿಯ ಪಕ್ಕದಲ್ಲಿ, ವೇದಿಕೆಗೆ ಕರೆಯುವ ತನಕ ನಾನು ಕುಳಿತಿದ್ದ ಖಾಲಿ ಕುರ್ಚಿಯಲ್ಲಿ ಕುಳಿತರು. ಅಲ್ಲೇ ಇರಿ. ನಾನು ನಿಂತುಕೊಂಡೇ ಇರುತ್ತೇನೆ.

ನನ್ನನ್ನು ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೆ, ಹೂದಾನಿಯ ಮರೆಯಲ್ಲಿ ನನ್ನ ಗುಟ್ಟು ಕಾದ ಡಾಕ್ಟರಿಗೆ, ಕೆಳಗೆ ಊಟ ಆರುತ್ತಿದ್ದರೂ ಕೂಗದ ಅಡುಗೆಯವರಿಗೆ, ನಿಮ್ಮೆಲ್ಲರಿಗೆ ನಾನು ಋಣಿ. ಈಗ ನೀರು ಕುಡಿಯುತ್ತೇನೆ. ಒಂದೊಂದೇ ಗುಟುಕು.

ನಮಸ್ಕಾರ.